ಡೇಟ್ ಯಾವತ್ತು ಕೊಟ್ಟಿದ್ದಾರೆ?

ಬಸುರಿ ಹೆಂಗಸು ಕಂಡ ಕೂಡಲೇ ನಮ್ಮ ಕಡೆ ಕೇಳೋ ಮೊದಲನೇ ಪ್ರಶ್ನೆ ಇದು. "ಡೇಟ್ ಯಾವತ್ತು ಕೊಟ್ಟಿದ್ದಾರೆ?" ಆ ಡೇಟನ್ನ ಹೇಗೆ ಲೆಕ್ಕ ಹಾಕಿದರು ಅಂತ ಯಾರೂ ಕೇಳಲ್ಲ. ನಾನೂ ಕೇಳಿದವನಲ್ಲ. 2023ರ ಜೂನ್ ಕೊನೆಯಲ್ಲಿ ನಮ್ಮ ಮನೆಯ ಹುಡುಗಿಯೊಬ್ಬಳಿಗೆ ಒಂದಲ್ಲ, ಎರಡು ಡೇಟ್ ಇದೆ ಅಂತ ಗೊತ್ತಾದ ಮೇಲೆ ಈ ಲೆಕ್ಕದ ಬೆನ್ನು ಹತ್ತಿದೆ. ಹೋಗ್ತಾ ಹೋಗ್ತಾ ಅದು ಜರ್ಮನಿ, ಕಲ್ಕತ್ತ, ರಾಮನಗರ ಎಲ್ಲ ಸುತ್ತಿಸಿ ಮತ್ತೆ ನಂಜನಗೂಡಿನ ತೇರಿನ ಬೀದಿಗೇ ತಂದು ಬಿಡ್ತು. ಸ್ವಲ್ಪ ಉದ್ದವಾಗುತ್ತೆ, ಸಹಿಸಿಕೊಳ್ಳಿ :-)

ಹುಡುಗಿ ನನ್ನ ಚಿಕ್ಕಮ್ಮನ ಮಗಳು. ತವರು ನಂಜನಗೂಡು, ಕೊಟ್ಟಿದ್ದು ಟಿ. ನರಸೀಪುರಕ್ಕೆ. ಕಪಿಲೆ ಹರಿದು ಹೋಗಿ ಕಾವೇರಿ ಸೇರೋ ಹಾಗೆ ನಮ್ಮೂರಿನ ಹೆಣ್ಣುಮಕ್ಕಳು ಅಲ್ಲಿಗೆ ಸೊಸೆಯರಾಗಿ ಹೋಗೋದು ಹಳೇ ವಾಡಿಕೆ. ಒಂಬತ್ತು ವರ್ಷ ಮಕ್ಕಳಾಗಿರಲಿಲ್ಲ. ನಂಜುಂಡೇಶ್ವರನಿಗೆ ಉರುಳುಸೇವೆ ಆಯ್ತು, ನರಸೀಪುರದ ಸಂಗಮದಲ್ಲಿ ಸ್ನಾನ ಆಯ್ತು. ಕೊನೆಗೆ ಮೈಸೂರಿನಲ್ಲಿ ಐವಿಎಫ್ ಮಾಡಿಸಿಕೊಂಡರು. ಮೊದಲೇ ತಯಾರಿಸಿ ಶೈತ್ಯದಲ್ಲಿಟ್ಟಿದ್ದ ಐದು ದಿನದ ಭ್ರೂಣವನ್ನ 2022ರ ಅಕ್ಟೋಬರ್ 20ರಂದು, ದೀಪಾವಳಿಗೆ ನಾಲ್ಕು ದಿನ ಇರುವಾಗ, ಗರ್ಭಕೋಶಕ್ಕೆ ಸೇರಿಸಿದರು. ಈ ಸಲ ನಿಂತಿತು.

ಈ ವಿಷಯ ಎರಡೂ ಮನೆ ಸೇರಿ ನಾಲ್ಕೇ ಜನಕ್ಕೆ ಗೊತ್ತಿತ್ತು. ಅತ್ತೆಗೆ ಗೊತ್ತಿರಲಿಲ್ಲ. ಊರಲ್ಲಿ ತಾಯಿ ಕಾರ್ಡ್ ಮಾಡಿಸುವಾಗ ಪಕ್ಕದಲ್ಲಿ ಅತ್ತೆ ನಿಂತಿದ್ದರು. "ಕೊನೇ ಸಲ ಮುಟ್ಟಾಗಿದ್ದು ಯಾವತ್ತಮ್ಮ?" ಅಂತ ಕೇಳಿದರು. ಅವಳು ನಿಜವನ್ನೇ ಹೇಳಿದಳು: ಸೆಪ್ಟೆಂಬರ್ 22, ಪಕ್ಷದಲ್ಲಿ, ಮಹಾಲಯ ಅಮಾವಾಸ್ಯೆಗೆ ಮೂರು ದಿನ ಮುಂಚೆ. ಕಾರ್ಡಿನಲ್ಲಿ ಹೆರಿಗೆಯ ಡೇಟ್ 2023ರ ಜೂನ್ 29 ಅಂತ ಬಿತ್ತು. ಮೈಸೂರಿನ ಚಿಕಿತ್ಸೆಯ ಫೈಲಿನಲ್ಲಿ ಇದ್ದದ್ದು ಜುಲೈ 8. ಫೈಲು ಬೀರುವಿನಲ್ಲಿ ಸೀರೆಗಳ ಕೆಳಗೆ ಕೂತಿತು, ಕಾರ್ಡು ಎಲ್ಲ ಕಡೆ ಓಡಾಡಿತು.

ಜೂನ್ 29, ಪ್ರಥಮ ಏಕಾದಶಿ. ನೋವಿಲ್ಲ, ಏನಿಲ್ಲ. ಅತ್ತೆಗೆ ಗಾಬರಿ. "ದಿನ ಮೀರ್ತಾ ಇದೆ." ಹೆರಿಗೆಗೆ ಗೊತ್ತು ಮಾಡಿದ್ದ ಆಸ್ಪತ್ರೆಯಲ್ಲಿ ಕಾರ್ಡ್ ನೋಡಿ, ಜುಲೈ 6ಕ್ಕೆ ನಲವತ್ತೊಂದು ವಾರ ಆಗುತ್ತೆ, ಅಷ್ಟರೊಳಗೆ ಆಗದಿದ್ದರೆ ಸೇರಿಸಿ, ನೋವು ಬರಿಸೋಣ ಅಂದರು. ಕಾರ್ಡಿನಲ್ಲಿ ಏನಿತ್ತೋ ಅದರ ಪ್ರಕಾರ ಅದು ಸರಿಯಾದ ಸಲಹೆಯೇ. ಅವತ್ತು ರಾತ್ರಿ ಅವಳು ನನಗೆ ಫೋನ್ ಮಾಡಿ ಪಿಸುದನಿಯಲ್ಲಿ ಕೇಳಿದ್ದು ಒಂದೇ ಪ್ರಶ್ನೆ. "ಎರಡರಲ್ಲಿ ಯಾವುದು ಸರಿ?"

ಈಗ ಇತಿಹಾಸಕ್ಕೆ ಬರೋಣ.

ನಮ್ಮಜ್ಜಿಗೆ ಓದು ಬರಹ ಇರಲಿಲ್ಲ. ಆದರೆ ತನ್ನ ಐದು ಬಸಿರಿನ ಲೆಕ್ಕವೂ ಬಾಯಲ್ಲಿತ್ತು. "ದೊಡ್ಡ ಜಾತ್ರೆ ತೇರಿನ ದಿನ ನಾನು ಹೊರಗಿದ್ದೆ, ತೇರು ನೋಡಲಿಲ್ಲ. ಆಮೇಲೆ ನಿಂತೇ ಹೋಯ್ತು. ಚಿಕ್ಕ ಜಾತ್ರೆ ಮುಗಿದ ಮೇಲೆ ನಿಮ್ಮಪ್ಪ ಹುಟ್ಟಿದ." ನಂಜನಗೂಡಿನ ದೊಡ್ಡ ಜಾತ್ರೆ ಫಾಲ್ಗುಣದಲ್ಲಿ, ಅಂದರೆ ಮಾರ್ಚ್-ಏಪ್ರಿಲ್ ಹೊತ್ತಿಗೆ. ಚಿಕ್ಕ ಜಾತ್ರೆ ನವೆಂಬರ್-ಡಿಸೆಂಬರ್ ಹೊತ್ತಿಗೆ. ತಾಳೆ ನೋಡಿ, ಲೆಕ್ಕ ಸರಿ ಇದೆ. ಮುಟ್ಟಾದವಳು ದೇವಸ್ಥಾನಕ್ಕೆ ಹೋಗಬಾರದು, ತೇರು ಎಳೆಯುವಾಗ ಮನೆಯಲ್ಲೇ ಇರಬೇಕು ಅನ್ನೋ ಆ ಕಟ್ಟಳೆ ಎಷ್ಟು ನೋವು ಕೊಟ್ಟಿದೆಯೋ. ಆದರೆ ಯಾವ ಹಬ್ಬಕ್ಕೆ ತಾನು ಇರಲಿಲ್ಲ ಅನ್ನೋದು ಮರೆಯದ ಕಾರಣ ಅದೇ ಅಜ್ಜಿಯ ಕ್ಯಾಲೆಂಡರ್ ಆಗಿಬಿಟ್ಟಿತ್ತು.

ಜರ್ಮನಿಯ ಹೈಡೆಲ್‌ಬರ್ಗಿನ ಪ್ರಸೂತಿ ವೈದ್ಯ ಫ್ರಾಂಜ್ ಕಾರ್ಲ್ ನೇಗೆಲೆ (1778–1851) ಮಾಡಿದ್ದೂ ಹೆಚ್ಚುಕಡಿಮೆ ಇದನ್ನೇ. ಅವನಿಗಿಂತ ಮುಂಚಿನ ಡಚ್ ವೈದ್ಯ ಬೋರ್‌ಹಾವೆಯ ಮಾತನ್ನ ಆಧಾರವಾಗಿ ಇಟ್ಟುಕೊಂಡು ಒಂದು ಸುಲಭ ಸೂತ್ರ ಕೊಟ್ಟ. ಕೊನೆಯ ಮುಟ್ಟಿನ ದಿನಾಂಕಕ್ಕೆ ಏಳು ದಿನ ಕೂಡಿಸಿ, ಮೂರು ತಿಂಗಳು ಹಿಂದೆ ಹೋಗಿ, ವರ್ಷ ಒಂದು ಮುಂದೆ ಹಾಕಿ. ಮೊದಲ ದಿನದಿಂದ ಎಣಿಸಿದರೆ ಸುಮಾರು 280 ದಿನ, ನಲವತ್ತು ವಾರ. ತಾಯಿ ಕಾರ್ಡಿನಲ್ಲಿ ಇವತ್ತಿಗೂ ಇದೇ ಲೆಕ್ಕ. ಸೆಪ್ಟೆಂಬರ್ 22ಕ್ಕೆ ಏಳು ಕೂಡಿಸಿ ಮೂರು ತಿಂಗಳು ಹಿಂದೆ ಬನ್ನಿ, ಜೂನ್ 29 ಬರುತ್ತೆ.

ಇದರಲ್ಲಿ ಒಂದು ತಮಾಷೆ ಇದೆ. ಮುಟ್ಟಾದ ದಿನ ಗರ್ಭದಲ್ಲಿ ಮಗುವೇ ಇರಲ್ಲ. ಅಂಡ ಬಿಡುಗಡೆ ಆಗೋದೇ ಸುಮಾರು ಎರಡು ವಾರ ಕಳೆದ ಮೇಲೆ. ಹಾಗಾಗಿ ನಲವತ್ತು ವಾರದಲ್ಲಿ ಮೊದಲ ಎರಡು ವಾರ ಮಗು ಇಲ್ಲದ ವಾರಗಳು. ನೇಗೆಲೆಗೆ ಇದು ಗೊತ್ತಿರಲು ಸಾಧ್ಯವೇ ಇರಲಿಲ್ಲ. ಸಸ್ತನಿಗಳ ಅಂಡವನ್ನ ವಾನ್ ಬೇರ್ ಮೊದಲು ಕಂಡಿದ್ದೇ 1827ರಲ್ಲಿ. ಅದು ತಿಂಗಳಿನ ಯಾವ ಹೊತ್ತಿಗೆ ಹೊರಬರುತ್ತೆ ಅನ್ನೋದು ಖಚಿತವಾಗಿದ್ದು 1920ರ ದಶಕದಲ್ಲಿ. ಜಪಾನಿನ ಓಗಿನೋ, ಆಸ್ಟ್ರಿಯಾದ ಕ್ನಾಸ್ ಇಬ್ಬರೂ ಬೇರೆ ಬೇರೆಯಾಗಿ ಕಂಡುಕೊಂಡಿದ್ದು ಇಷ್ಟು: ಅಂಡ ಬರೋದು ಹಿಂದಿನ ಮುಟ್ಟಾದ ಇಂತಿಷ್ಟು ದಿನಕ್ಕೆ ಅಲ್ಲ, ಮುಂದಿನ ಮುಟ್ಟಿಗೆ ಸುಮಾರು ಹದಿನಾಲ್ಕು ದಿನ ಮುಂಚೆ. ಮುಟ್ಟು ಕಣ್ಣಿಗೆ ಕಾಣುತ್ತೆ, ಅಂಡ ಕಾಣಲ್ಲ. ಅದಕ್ಕೇ ಎಲ್ಲರೂ ಕಾಣೋದರಿಂದ ಎಣಿಸಿದರು, ನಮ್ಮಜ್ಜಿಯೂ, ನೇಗೆಲೆಯೂ.

ಓಗಿನೋ-ಕ್ನಾಸ್ ಲೆಕ್ಕ ನಮ್ಮ ಮೈಸೂರು ರಾಜ್ಯಕ್ಕೂ ಬಂತು, ಆದರೆ ಉಲ್ಟಾ ಕೆಲಸಕ್ಕೆ. 1930ರಲ್ಲೇ ಸರ್ಕಾರದ ವತಿಯಿಂದ ಸಂತಾನ ನಿಯಂತ್ರಣ ಕ್ಲಿನಿಕ್ ತೆರೆಯಲು ಆದೇಶ ಮಾಡಿದ ರಾಜ್ಯ ನಮ್ಮದು. ಸ್ವಾತಂತ್ರ್ಯ ಬಂದ ಮೇಲೆ, ಆರೋಗ್ಯ ಸಚಿವೆ ರಾಜಕುಮಾರಿ ಅಮೃತ್ ಕೌರ್ ಕಾಲದಲ್ಲಿ, ವಿಶ್ವ ಆರೋಗ್ಯ ಸಂಸ್ಥೆಯ ಪರವಾಗಿ ಅಮೆರಿಕದ ಡಾ. ಅಬ್ರಹಾಂ ಸ್ಟೋನ್ ಬಂದರು. 1952ರ ಹೊತ್ತಿಗೆ ರಾಮನಗರದಲ್ಲೂ ದೆಹಲಿಯ ಲೋದಿ ಕಾಲೊನಿಯಲ್ಲೂ ಒಂದು ಪ್ರಯೋಗ ನಡೆಯಿತು. ಹೆಂಗಸರಿಗೆ ಬಣ್ಣಬಣ್ಣದ ಮಣಿಸರ ಕೊಟ್ಟು, ದಿನಕ್ಕೊಂದು ಮಣಿ ಸರಿಸಿ, ಯಾವ ದಿನ ಗರ್ಭ ನಿಲ್ಲಬಹುದು, ಯಾವ ದಿನ ಇಲ್ಲ ಅಂತ ನೋಡಿಕೊಳ್ಳಿ ಅಂದರು. ಪ್ರಯೋಗ ಅಷ್ಟಾಗಿ ಫಲ ಕೊಡಲಿಲ್ಲ. ಮಣಿ ಸರಿಸಿದರೇ ಸಾಕು, ಬಸಿರು ನಿಲ್ಲಲ್ಲ ಅಂತ ನಂಬಿದವರೂ ಇದ್ದರಂತೆ. ನಗಬೇಡಿ. ದೇಹದೊಳಗಿನ ಒಂದು ದಿನವನ್ನ ಹೊರಗಿನಿಂದ ಎಣಿಸೋದು ಎಷ್ಟು ಕಷ್ಟ ಅನ್ನೋದಕ್ಕೆ ರಾಮನಗರವೇ ಸಾಕ್ಷಿ. ಎಲ್ಲರ ತಿಂಗಳೂ ಇಪ್ಪತ್ತೆಂಟು ದಿನದ್ದಲ್ಲ.

ಆಮೇಲೆ ಅಲ್ಟ್ರಾಸೌಂಡ್ ಬಂತು. ಗ್ಲಾಸ್ಗೋದ ಇಯಾನ್ ಡೊನಾಲ್ಡ್ 1958ರಲ್ಲಿ ದಾರಿ ತೋರಿಸಿದ. 1973ರಲ್ಲಿ ಅಲ್ಲಿನವರೇ ಆದ ಹ್ಯೂ ರಾಬಿನ್ಸನ್, ಮೊದಲ ಮೂರು ತಿಂಗಳಲ್ಲಿ ಭ್ರೂಣದ ತಲೆಯಿಂದ ಕುಂಡೆವರೆಗಿನ ಉದ್ದ ಅಳೆದರೆ ವಯಸ್ಸನ್ನ ಕೆಲವೇ ದಿನಗಳ ವ್ಯತ್ಯಾಸದಲ್ಲಿ ಹೇಳಬಹುದು ಅಂತ ತೋರಿಸಿದ. ಬಸಿರು ಬಲಿತ ಹಾಗೆಲ್ಲ ಈ ಅಳತೆಯ ನಿಖರತೆ ಕಮ್ಮಿ ಆಗುತ್ತೆ. ನಮ್ಮ ಹುಡುಗಿಯ ಮೊದಲ ಸ್ಕ್ಯಾನುಗಳೆಲ್ಲ ಆ ಬೀರುವಿನ ಫೈಲಿನಲ್ಲೇ ಇದ್ದವು. ಹೊರಗೆ ತೋರಿಸಿದ್ದು ಐದನೇ ತಿಂಗಳಿನದು. ಆ ಹೊತ್ತಿಗೆ ಎಂಟೊಂಬತ್ತು ದಿನದ ವ್ಯತ್ಯಾಸ ಬಂದರೆ ಸಾಮಾನ್ಯವಾಗಿ ಡೇಟ್ ಬದಲಾಯಿಸಲ್ಲ.

ಈ ಎಲ್ಲ ಊಹೆಯೂ ಬೇಕಿಲ್ಲದ ಬಸಿರು ಅಂದರೆ ಐವಿಎಫ್ ಬಸಿರು. 1978ರ ಜುಲೈ 25ರಂದು ಇಂಗ್ಲೆಂಡಿನಲ್ಲಿ ಲೂಯಿಸ್ ಬ್ರೌನ್ ಹುಟ್ಟಿದಳು. ಅದೇ ವರ್ಷ ಅಕ್ಟೋಬರ್ 3ರಂದು ಕಲ್ಕತ್ತದಲ್ಲಿ ಡಾ. ಸುಭಾಷ್ ಮುಖರ್ಜಿಯವರ ಪ್ರಯತ್ನದಿಂದ ಒಂದು ಹೆಣ್ಣುಮಗು ಹುಟ್ಟಿತು. ಪತ್ರಿಕೆಗಳು ದುರ್ಗಾ ಅಂದವು. ಮುಖರ್ಜಿಯವರು ಭ್ರೂಣವನ್ನ 53 ದಿನ ಶೈತ್ಯದಲ್ಲಿಟ್ಟು, ಬೇರೊಂದು ತಿಂಗಳಲ್ಲಿ ಗರ್ಭಕೋಶಕ್ಕೆ ಸೇರಿಸಿದ್ದರು. ನಮ್ಮ ಹುಡುಗಿಗೆ ಮಾಡಿದ್ದೂ ಇಂಥದ್ದೇ. ಅವರನ್ನ ಆಗ ಯಾರೂ ನಂಬಲಿಲ್ಲ. ಸರ್ಕಾರ ನೇಮಿಸಿದ ಸಮಿತಿ ತಳ್ಳಿಹಾಕಿತು. 1981ರ ಜೂನ್‌ನಲ್ಲಿ ಅವರು ಪ್ರಾಣ ಕಳೆದುಕೊಂಡರು. 1986ರಲ್ಲಿ ಮುಂಬಯಿಯಲ್ಲಿ ಹುಟ್ಟಿದ ಹರ್ಷಾಳೇ ದೇಶದ ಮೊದಲ ಪ್ರನಾಳ ಶಿಶು ಅಂತ ದಾಖಲೆಯಾಯಿತು. ಆ ಸಾಧನೆಯಲ್ಲಿ ಪಾಲಿದ್ದ ಡಾ. ಟಿ.ಸಿ. ಆನಂದ್ ಕುಮಾರ್ ಅವರೇ ಮುಖರ್ಜಿಯವರ ಟಿಪ್ಪಣಿಗಳನ್ನ ಓದಿ, ಮೊದಲಿಗರು ನಾವಲ್ಲ, ಅವರು ಅಂತ 1997ರಲ್ಲಿ ನಮ್ಮ ಬೆಂಗಳೂರಿನಿಂದ ಹೊರಡುವ ಕರೆಂಟ್ ಸೈನ್ಸ್ ಪತ್ರಿಕೆಯಲ್ಲಿ ಬರೆದರು. ತನ್ನ ಹೆಗ್ಗಳಿಕೆಯನ್ನ ತಾನೇ ಇನ್ನೊಬ್ಬರಿಗೆ ಬಿಟ್ಟುಕೊಡೋ ಜನ ಎಷ್ಟಿದ್ದಾರೆ ಹೇಳಿ. ದುರ್ಗಾಳ ಮನೆಯವರಿಗೆ ಪ್ರಚಾರ ಬೇಕಿರಲಿಲ್ಲ. ಕನುಪ್ರಿಯಾ ಅಗರ್ವಾಲ್ ಆಗಿ ಬೆಳೆದ ಆಕೆ ಸಾರ್ವಜನಿಕವಾಗಿ ನಾನೇ ಆ ಮಗು ಅಂದಿದ್ದು 2003ರಲ್ಲಿ, ಇಪ್ಪತ್ತೈದು ತುಂಬಿದಾಗ.

ಐವಿಎಫ್‌ನ ಲೆಕ್ಕ ಸರಳ. ಅಂಡ ಮತ್ತು ವೀರ್ಯಾಣು ಕೂಡಿದ ದಿನದಿಂದ 266 ದಿನ. ಮೂರು ದಿನದ ಭ್ರೂಣ ಸೇರಿಸಿದರೆ ಆ ದಿನದಿಂದ 263, ಐದು ದಿನದ್ದಾದರೆ 261. ಶೈತ್ಯದಲ್ಲಿದ್ದ ಕಾಲ ಲೆಕ್ಕಕ್ಕಿಲ್ಲ, ಅಲ್ಲಿ ಅದು ಬೆಳೆಯಲ್ಲ. 2022ರ ಅಕ್ಟೋಬರ್ 20ಕ್ಕೆ 261 ಕೂಡಿಸಿ, 2023ರ ಜುಲೈ 8 ಬರುತ್ತೆ. ಆದರೆ ಆಸ್ಪತ್ರೆಯ ಎಲ್ಲ ಫಾರಂಗಳೂ ಕೇಳೋದು "ಕೊನೆಯ ಮುಟ್ಟು" ತಾನೇ? ಅದಕ್ಕೆ ವೈದ್ಯರು ಭ್ರೂಣ ಸೇರಿಸಿದ ದಿನದಿಂದ 19 ದಿನ ಹಿಂದೆ ಹೋಗಿ ಒಂದು ಲೆಕ್ಕದ ಮುಟ್ಟನ್ನ ಬರೆಯುತ್ತಾರೆ. ಇವಳದ್ದು ಅಕ್ಟೋಬರ್ 1. ಆ ದಿನ ಅವಳಿಗೆ ಏನೂ ಆಗಿರಲಿಲ್ಲ! ನಿಜವಾಗಿ ಆಗಿದ್ದು ಸೆಪ್ಟೆಂಬರ್ 22ಕ್ಕೆ. ಗರ್ಭಕೋಶದ ಒಳಪದರ ದಪ್ಪವಾಗೋಕೆ ತಡವಾಗಿ, ಮಾತ್ರೆ ಮುಂದುವರಿಸಿ, ಭ್ರೂಣ ಸೇರಿಸೋದು ಒಂಬತ್ತು ದಿನ ತಡವಾಗಿತ್ತು. ಅಂದರೆ ಇಲ್ಲಿ ನಿಜವಾದ ಮುಟ್ಟು ತಪ್ಪು ಡೇಟ್ ಕೊಡುತ್ತೆ, ಕಲ್ಪಿಸಿದ ಮುಟ್ಟು ಸರಿ ಡೇಟ್ ಕೊಡುತ್ತೆ. ಐವಿಎಫ್ ಆದವರಿಗೆ ಭ್ರೂಣದ ವಯಸ್ಸು ಮತ್ತು ಸೇರಿಸಿದ ದಿನದಿಂದಲೇ ಡೇಟ್ ಕೊಡಬೇಕು ಅಂತ ಅಮೆರಿಕದ ಪ್ರಸೂತಿ ತಜ್ಞರ ಕಾಲೇಜು 2017ರ ತನ್ನ ಸಲಹೆಯಲ್ಲಿ ಸ್ಪಷ್ಟವಾಗಿ ಹೇಳಿದೆ.

ಈ ಲೆಕ್ಕ ಹಾಕುವಾಗ ಕುತೂಹಲಕ್ಕೆ ಪಂಚಾಂಗ ತೆಗೆದೆ. ಐದು ದಿನದ ಭ್ರೂಣ ಅಂದರೆ ಕೂಡಿದ ದಿನ ಅಕ್ಟೋಬರ್ 15ರ ಲೆಕ್ಕ. ಅವತ್ತು ಆಶ್ವಯುಜ ಬಹುಳ ಷಷ್ಠಿ. ಜುಲೈ 8? ಆಷಾಢ ಬಹುಳ ಷಷ್ಠಿ! ಸರಿಯಾಗಿ ಒಂಬತ್ತು ತಿಂಗಳು. ಇದೇನು ಪವಾಡ ಅಲ್ಲ. ಚಾಂದ್ರಮಾಸ ಸುಮಾರು ಇಪ್ಪತ್ತೊಂಬತ್ತೂವರೆ ದಿನ, ಒಂಬತ್ತರಿಂದ ಗುಣಿಸಿದರೆ 266 ದಿನ. ಅಂದರೆ ನವಮಾಸ ಅನ್ನೋದು ಗರ್ಭ ನಿಂತ ದಿನದಿಂದ ಎಣಿಸಿದರೆ ಐವಿಎಫ್ ಲೆಕ್ಕಕ್ಕೆ ಸರಿಯಾಗಿ ಕೂರುತ್ತೆ. ಮುಟ್ಟಿನಿಂದ ಎಣಿಸಿದರೆ ಒಂಬತ್ತೂವರೆ ಚಾಂದ್ರಮಾಸ, ಹೆರಿಗೆ ಹತ್ತನೇ ತಿಂಗಳಿಗೆ ಬೀಳುತ್ತೆ. ಋಗ್ವೇದದಲ್ಲಿ ಹತ್ತು ತಿಂಗಳ ಗರ್ಭದ ಮಾತಿದೆ, ತಮಿಳರು ಇವತ್ತಿಗೂ ಹತ್ತು ತಿಂಗಳು ಹೊತ್ತೆ ಅಂತಾರೆ. ಒಂಬತ್ತೋ ಹತ್ತೋ ಅಂತ ಜಗಳ ಬೇಡ, ಎಣಿಕೆ ಎಲ್ಲಿಂದ ಶುರು ಅನ್ನೋದರ ಮೇಲಿದೆ.

ಹಾಗಂತ ಹೇಳಿದ ದಿನವೇ ಮಗು ಬರುತ್ತೆ ಅಂತಲ್ಲ. ಡೇಟಿನ ದಿನವೇ ಹುಟ್ಟೋ ಮಕ್ಕಳು ನೂರಕ್ಕೆ ನಾಲ್ಕೈದು ಅಷ್ಟೇ. ಹಾಗಾದರೆ ಒಂಬತ್ತು ದಿನಕ್ಕೆ ಯಾಕಿಷ್ಟು ರಾದ್ಧಾಂತ ಅಂತೀರಾ? ಡೇಟ್ ಮಗುವಿಗಲ್ಲ, ವೈದ್ಯರ ತೀರ್ಮಾನಕ್ಕೆ. ಅಕಸ್ಮಾತ್ ಮುಂಚೆಯೇ ನೋವು ಬಂದಿದ್ದರೆ, ಕಾರ್ಡ್ ಪ್ರಕಾರ 34 ವಾರ ಅಂದುಕೊಂಡ ಮಗು ನಿಜವಾಗಿ 32 ವಾರ 5 ದಿನದ್ದು. ಶ್ವಾಸಕೋಶ ಬಲಿತಿದೆಯಾ, ದೊಡ್ಡಾಸ್ಪತ್ರೆಗೆ ಕಳಿಸಬೇಕಾ ಅನ್ನೋ ನಿರ್ಧಾರವೇ ಬೇರೆ ಆಗುತ್ತೆ. ಜುಲೈ 6ಕ್ಕೆ ನಲವತ್ತೊಂದು ವಾರ ಅಂದಿದ್ದು ನಿಜವಾಗಿ 39 ವಾರ 5 ದಿನ. ದಿನ ಮೀರಿರಲಿಲ್ಲ, ಇನ್ನೂ ತುಂಬಿರಲೇ ಇಲ್ಲ.

ಫೋನಿನಲ್ಲಿ ನಾನು ಹೇಳಿದ್ದು ಇಷ್ಟೇ. "ಯಾವುದು ಸರಿ ಅಂತ ನಾನು ಹೇಳಬಾರದು ಕಣಮ್ಮ. ಫೈಲು ತಗೊಂಡು ಹೋಗು." ಮರುದಿನ ಗಂಡನ ಜೊತೆ ಹೋದಳು. ಅತ್ತೆಯೂ ಹೊರಟರು, ತಡೆಯೋಕಾಗಲಿಲ್ಲ. ಡಾಕ್ಟರು ಭ್ರೂಣ ಸೇರಿಸಿದ ಚೀಟಿಯನ್ನೂ ಏಳನೇ ವಾರದ ಸ್ಕ್ಯಾನನ್ನೂ ನೋಡಿ, ಕಾರ್ಡಿನ ಡೇಟಿಗೆ ಗೀಟು ಎಳೆದು ಜುಲೈ 8 ಅಂತ ಬರೆದರು. "ಇದನ್ನ ಮೊದಲೇ ಯಾಕೆ ತೋರಿಸಲಿಲ್ಲ?" ಅಂದರು. ಯಾರೂ ಮಾತಾಡಲಿಲ್ಲ. ದಿನ ಬಿಟ್ಟು ದಿನ ಮಗುವಿನ ಎದೆಬಡಿತ ನೋಡುತ್ತಾ ಕಾದರು. ಜುಲೈ 11ರ ಬೆಳಗಿನ ಜಾವ ತಾನಾಗೇ ನೋವು ಬಂದು ಹೆಣ್ಣುಮಗು ಹುಟ್ಟಿತು.

ಅತ್ತೆ ಏನಂದರು ಅಂತ ಕೇಳ್ತೀರಿ, ಗೊತ್ತು. ಆಟೋದಲ್ಲಿ ವಾಪಸ್ ಬರುವಾಗ ಸುಮಾರು ದೂರ ಸುಮ್ಮನಿದ್ದು, "ಒಂಬತ್ತು ತಿಂಗಳು ಒಬ್ಬಳೇ ಇಟ್ಟುಕೊಂಡಿದ್ದೆಯಾ ಇದನ್ನ?" ಅಂದರಂತೆ. ಅಷ್ಟೇ.

ಈ ಪೋಸ್ಟ್ ಬರೆಯಲು ಅವಳೇ ಹೇಳಿದ್ದು, ಹೆಸರು ಮಾತ್ರ ಬೇಡ ಅಂದಳು. ಚಿಕಿತ್ಸೆ ಮಾಡಿಸಿಕೊಂಡಿದ್ದನ್ನ ಊರಿಗೆಲ್ಲ ಡಂಗುರ ಸಾರಬೇಕಿಲ್ಲ. ಆದರೆ ಡೇಟ್ ಬರೆಯೋ ಕೈಗೆ ಗೊತ್ತಿರಲಿ. "ಕೊನೆಯ ಮುಟ್ಟು ಯಾವತ್ತು" ಅಂದಾಗ ಭ್ರೂಣ ಸೇರಿಸಿದ ದಿನ, ಅದು ಎಷ್ಟು ದಿನದ ಭ್ರೂಣ, ಎರಡನ್ನೂ ಹೇಳಿ. ಎಲ್ಲರ ಮುಂದೆ ಬೇಡ ಅನ್ನಿಸಿದರೆ ಒಂದು ನಿಮಿಷ ಒಬ್ಬಳೇ ಮಾತಾಡಬೇಕು ಅನ್ನಿ. ಅಜ್ಜಿ ಕಾಲದಲ್ಲಿ ಮುಟ್ಟನ್ನ ಮುಚ್ಚಿಡಲಾಗದೆ ಲೆಕ್ಕ ಸಿಗ್ತಿತ್ತು, ನಮ್ಮ ಕಾಲದಲ್ಲಿ ಗರ್ಭವನ್ನ ಮುಚ್ಚಿಟ್ಟು ಲೆಕ್ಕ ತಪ್ಪಿಸಿಕೊಳ್ತಿದ್ದೀವಿ.

ನಿಮ್ಮ ಮನೆಯ ಅಜ್ಜಿಯಂದಿರು ದಿನ ಹೇಗೆ ಎಣಿಸ್ತಿದ್ದರು? ಯಾವ ಜಾತ್ರೆ, ಯಾವ ಹಬ್ಬ, ಯಾವ ಮಳೆ ನಕ್ಷತ್ರದಿಂದ? ಅವರು ಇರುವಾಗಲೇ ಒಮ್ಮೆ ಕೇಳಿ, ಇಲ್ಲಿ ಬರೆಯಿರಿ. ಲೆಕ್ಕದಲ್ಲಿ ನಾನೆಲ್ಲಾದರೂ ಎಡವಿದ್ದರೆ ಬಲ್ಲವರು ತಿದ್ದಿ.