ಜುಹೂವಿನ ಹವ್ಯಾಸಿ ಹಾರಾಟಗಾರರು

ಜುಹೂ ಎಂದೊಡನೆ ನೆನಪಾಗುವುದು ಕಡಲತೀರ, ಪಾವ್‌ಭಾಜಿ, ಸಿನಿಮಾ ನಟರ ಬಂಗಲೆಗಳು. ಅಂಧೇರಿ, ವಿಲೆಪಾರ್ಲೆ ಕಡೆ ಬಾಡಿಗೆ ಮನೆ ಮಾಡಿಕೊಂಡಿರುವ ನಮ್ಮಂಥವರಿಗೆ ಇನ್ನೊಂದು ಜುಹೂ ಕೂಡ ಗೊತ್ತು. ಅದು ಗೋಡೆಯಾಚೆಗಿನ ಹಳೆಯ ವಿಮಾನ ನಿಲ್ದಾಣ. ಈಗ ಅಲ್ಲಿ ಹೆಚ್ಚಾಗಿ ಹೆಲಿಕಾಪ್ಟರುಗಳ ಓಡಾಟ. ಆದರೆ ಆ ನೆಲದ ಚರಿತ್ರೆಯನ್ನು ಶುರುಮಾಡಿದವರು ಹವ್ಯಾಸಿಗಳು.

ಬಾಂಬೆ ಫ್ಲೈಯಿಂಗ್ ಕ್ಲಬ್ ಹುಟ್ಟಿದ್ದು 1928ರಲ್ಲಿ. ಅದೇ ಹೊತ್ತಿಗೆ ದೆಹಲಿ, ಕರಾಚಿಗಳಲ್ಲೂ ಇಂಥ ಕ್ಲಬ್ಬುಗಳು ಬಂದವು. ಇಲ್ಲಿ ಕಲಿತ ಜೆ.ಆರ್.ಡಿ. ಟಾಟಾ ಅವರಿಗೆ 1929ರ ಫೆಬ್ರವರಿ 10ರಂದು ಪೈಲಟ್ ಪರವಾನಗಿ ಸಿಕ್ಕಿತು. ಅದರ ಸಂಖ್ಯೆ 1. ಮರುವರ್ಷ ಅವರು ಇಂಗ್ಲೆಂಡ್ ಮತ್ತು ಭಾರತದ ನಡುವೆ ಒಬ್ಬರೇ ಹಾರುವ ಆಗಾ ಖಾನ್ ಬಹುಮಾನದ ಸ್ಪರ್ಧೆಗೆ ಇಳಿದರು. ದಾರಿಯಲ್ಲಿ, ಈಜಿಪ್ಟಿನಲ್ಲಿ, ಎದುರು ದಿಕ್ಕಿನಿಂದ ಹಾರಿ ಬಂದಿದ್ದ ಪ್ರತಿಸ್ಪರ್ಧಿ ಆಸ್ಪಿ ಇಂಜಿನಿಯರ್ ಸ್ಪಾರ್ಕ್ ಪ್ಲಗ್ ಇಲ್ಲದೆ ಕುಳಿತಿದ್ದ. ಹದಿನೇಳರ ಹುಡುಗ. ಟಾಟಾ ತಮ್ಮಲ್ಲಿದ್ದ ಪ್ಲಗ್ಗುಗಳನ್ನು ಕೊಟ್ಟರು. ಆಸ್ಪಿ ಗೆದ್ದ, ಮುಂದೆ 1960ರಲ್ಲಿ ಭಾರತೀಯ ವಾಯುಸೇನೆಯ ಮುಖ್ಯಸ್ಥನೂ ಆದ.

1932ರ ಅಕ್ಟೋಬರ್ 15ರಂದು ಟಾಟಾ ಕರಾಚಿಯಿಂದ ಅಹಮದಾಬಾದ್ ಮಾರ್ಗವಾಗಿ ಅಂಚೆ ಹೊತ್ತು ಜುಹೂವಿಗೆ ಬಂದಿಳಿದರು. ಅಂಚೆಯನ್ನು ನೆವಿಲ್ ವಿನ್ಸೆಂಟ್ ಬಳ್ಳಾರಿ ಮಾರ್ಗವಾಗಿ ಮದ್ರಾಸಿಗೆ ಒಯ್ದರು. ಹೀಗೆ ಈ ಚರಿತ್ರೆಯಲ್ಲಿ ನಮ್ಮ ಬಳ್ಳಾರಿಗೂ ಒಂದು ಜಾಗವಿದೆ. ಮಳೆಗಾಲದಲ್ಲಿ ಮಾತ್ರ ಜುಹೂ ಕೆಸರುಗದ್ದೆಯಾಗುತ್ತಿತ್ತು. ಆಗ ಹಾರಾಟ ಪುಣೆಗೆ ಸ್ಥಳಾಂತರವಾಗುತ್ತಿತ್ತು.

ಇಷ್ಟಾದರೂ ಕ್ಲಬ್ಬುಗಳೆಂದರೆ ಉಳ್ಳವರ ಮೋಜು ಎಂದು ಅಂದು ಯಾರಾದರೂ ಅಂದಿದ್ದರೆ ತಪ್ಪು ಹೇಳಲಾಗುತ್ತಿರಲಿಲ್ಲ. ಆ ಮೋಜು ಏನು ಮಾಡಬಲ್ಲದು ಎಂಬುದು ತಿಳಿದದ್ದು 1939ರಲ್ಲಿ. ಮಹಾಯುದ್ಧ ಶುರುವಾದಾಗ ಭಾರತೀಯ ವಾಯುಸೇನೆಯಲ್ಲಿ ಇದ್ದದ್ದು ಒಂದೇ ಸ್ಕ್ವಾಡ್ರನ್. ಸಾವಿರಾರು ಮೈಲಿಯ ಕರಾವಳಿಯನ್ನು ಕಾಯುವವರು ಯಾರು? ಸ್ವಯಂಸೇವಕರ ಮೀಸಲು ಪಡೆಯೊಂದನ್ನು ಕಟ್ಟಿ, ಬಂದರುಗಳಿಗೆ ಕರಾವಳಿ ರಕ್ಷಣಾ ತುಕಡಿಗಳನ್ನು ನೇಮಿಸಿದರು. ಮೊದಲನೆಯದು ಮದ್ರಾಸಿಗೆ, ಎರಡನೆಯದು ಮುಂಬಯಿಗೆ, ಆಮೇಲೆ ಕಲ್ಕತ್ತಾ, ಕರಾಚಿ, ಕೊಚ್ಚಿ, ವಿಶಾಖಪಟ್ಟಣ. ಸೇರಿದವರಲ್ಲಿ ಅನೇಕರು ಫ್ಲೈಯಿಂಗ್ ಕ್ಲಬ್ಬುಗಳಲ್ಲಿ ಹಾರಾಟ ಕಲಿತವರು. ಕೊಟ್ಟದ್ದು ವಾಪಿಟಿಯಂಥ ಹಳೆಯ ಎರಡು ರೆಕ್ಕೆಸಾಲಿನ ವಿಮಾನಗಳು, ಜೊತೆಗೆ ಪ್ರಯಾಣಿಕರ ಕೆಲವು ವಿಮಾನಗಳು. ಕೆಲಸ, ಕಡಲ ಮೇಲೆ ಗಸ್ತು ತಿರುಗುತ್ತ ಹಡಗುಗಳನ್ನು ಕಾಯುವುದು.

ಅಮೆರಿಕದ ಸಿವಿಲ್ ಏರ್ ಪೆಟ್ರೋಲ್ ಹುಟ್ಟಿದ್ದು ಇದಾದ ಎರಡು ವರ್ಷಕ್ಕೆ, 1941ರ ಡಿಸೆಂಬರ್ 1ರಂದು. ಅಲ್ಲೂ ಹವ್ಯಾಸಿ ಪೈಲಟ್‌ಗಳೇ ಕರಾವಳಿ ಕಾಯ್ದರು. ವ್ಯತ್ಯಾಸ ಇರುವುದು ಮುಂದಿನ ಕಥೆಯಲ್ಲಿ. ಅವರು 1942ರಲ್ಲೇ ಹುಡುಗ ಹುಡುಗಿಯರಿಗೆ ಕೆಡೆಟ್ ವಿಭಾಗ ತೆರೆದರು. ಯುದ್ಧದ ನಂತರವೂ ಸಂಸ್ಥೆಯನ್ನು ಉಳಿಸಿಕೊಂಡು, ಕಾಣೆಯಾದ ವಿಮಾನ ಹುಡುಕುವುದು, ನೆರೆ ಬಂದಾಗ ನೆರವಾಗುವುದು ಮುಂತಾದ ಕೆಲಸಗಳನ್ನು ವಹಿಸಿದರು. ನಮ್ಮ ಕರಾವಳಿ ತುಕಡಿಗಳು 1942ರ ಕೊನೆಯ ಹೊತ್ತಿಗೆ ಬರ್ಖಾಸ್ತಾದವು. ನುರಿತ ಪೈಲಟ್‌ಗಳು ಬೆಳೆಯುತ್ತಿದ್ದ ವಾಯುಸೇನೆಗೆ ಬೇಕಾಗಿದ್ದರು.

ಸ್ವಾತಂತ್ರ್ಯದ ನಂತರ ಆ ಎರಡು ಕೆಲಸಗಳು ಬೇರೆ ಬೇರೆ ಮನೆ ಸೇರಿದವು. ಕಡಲ ರಕ್ಷಣೆ ಸೇನೆಗಳಿಗೆ, 1978ರ ಕಾಯ್ದೆಯ ನಂತರ ಕೋಸ್ಟ್ ಗಾರ್ಡ್‌ಗೆ ಹೋಯಿತು. ಯುವಕರ ಕೆಲಸ ಎನ್.ಸಿ.ಸಿ.ಗೆ. ಅದರ ವಾಯು ವಿಭಾಗ ಶುರುವಾದದ್ದು 1950ರ ಏಪ್ರಿಲ್ 1ರಂದು, ಮುಂಬಯಿ ಮತ್ತು ಕಲ್ಕತ್ತಾದಲ್ಲಿ ಒಂದೊಂದು ಸ್ಕ್ವಾಡ್ರನ್ನಿನೊಂದಿಗೆ. ಇದನ್ನು ಸಣ್ಣದೆನ್ನಬಾರದು. 1930ರ ದಶಕದಲ್ಲಿ ಕೋಟೆ ಪ್ರದೇಶದ ಹೋಟೆಲಿನಲ್ಲಿ ಲೋಟ ತೊಳೆದು ಕನ್ನಡ ರಾತ್ರಿ ಶಾಲೆಗೆ ಹೋಗುತ್ತಿದ್ದ ನಮ್ಮ ಕರಾವಳಿಯ ಹುಡುಗನಿಗೆ ಫ್ಲೈಯಿಂಗ್ ಕ್ಲಬ್ಬಿನ ಬಾಗಿಲು ತೆರೆಯುವ ಮಾತೇ ಇರಲಿಲ್ಲ. ಅಂಥವನ ಮಗ ಅಥವಾ ಮೊಮ್ಮಗಳು ಕಾಲೇಜಿನಲ್ಲಿ ಎನ್.ಸಿ.ಸಿ. ಸೇರಿ, ಕೈಯಿಂದ ಕಾಸು ಕಳೆಯದೆ ವಿಮಾನದ ಸ್ಟಿಕ್ ಹಿಡಿಯುವುದು ಸಾಧ್ಯವಾಯಿತು.

ಆದರೆ ಕಾಲೇಜು ಮುಗಿದ ಮೇಲೆ? ಕಲಿತದ್ದನ್ನು ಊರಿನ ಕಷ್ಟಕ್ಕೆ ಒದಗಿಸುವ ದಾರಿ ಅಲ್ಲಿಗೆ ನಿಂತುಹೋಗುತ್ತದೆ. ಬಾಂಬೆ ಫ್ಲೈಯಿಂಗ್ ಕ್ಲಬ್ಬಿನ ಹಾರಾಟದ ತರಬೇತಿ ಕೂಡ ಇಕ್ಕಟ್ಟಾದ ಜುಹೂ ಬಿಟ್ಟು ದೂರದ ಧುಳೆಗೆ ಹೋಯಿತು.

2005ರ ಜುಲೈ 26ರಂದು ಸಾಂತಾಕ್ರೂಜ್‌ನಲ್ಲಿ ಒಂದೇ ದಿನ 944 ಮಿಲಿಮೀಟರ್ ಮಳೆ ಸುರಿಯಿತು, ವಿಮಾನ ನಿಲ್ದಾಣ ಮುಚ್ಚಿತು. ಎದೆಯುದ್ದ ನೀರಿನಲ್ಲಿ ನಡೆದ ನನ್ನಂಥವರಿಗೆ ಹಗ್ಗ ಹಿಡಿದು ದಾರಿ ತೋರಿಸಿದವರು, ಬಿಸ್ಕತ್ತು ಕೊಟ್ಟವರು ಹೆಸರು ಗೊತ್ತಿಲ್ಲದ ಜನ. ಅಂಥ ಮಳೆಯಲ್ಲಿ ಪುಟ್ಟ ವಿಮಾನಗಳು ಹಾರುತ್ತಿರಲಿಲ್ಲ, ನಿಜ. ಆದರೆ ಮಳೆ ನಿಂತ ಮರುದಿನ? ಯಾವ ಬಡಾವಣೆ ಮುಳುಗಿದೆ, ಯಾವ ರಸ್ತೆ ತೆರೆದಿದೆ ಎಂದು ಮೇಲಿನಿಂದ ನೋಡಿ ಹೇಳಲು ಹವ್ಯಾಸಿ ಸಾಕು.

ಪ್ರಾಜೆಕ್ಟ್ ನಡೆಸುವ ನಮಗೆ ಒಂದು ಮಾತು ಗೊತ್ತು: ಸರ್ವರ್ ಬಿದ್ದ ರಾತ್ರಿ ಹೊಸಬನಿಗೆ ಪಾಠ ಹೇಳಲಾಗದು. ಮುಂಬಯಿಯಲ್ಲಿ ಸಹಾಯಕ್ಕೆ ಧಾವಿಸುವ ಮನಸ್ಸಿಗೆ ಎಂದೂ ಬರವಿಲ್ಲ. 1939ರಲ್ಲಿ ಆ ಮನಸ್ಸಿನ ಜೊತೆಗೆ ಹತ್ತು ವರ್ಷ ಬಿಡುವಿನಲ್ಲಿ ಪಳಗಿದ ಕೈಗಳೂ ಇದ್ದವು, ಅವನ್ನು ಕರೆಯುವ ಒಂದು ವ್ಯವಸ್ಥೆಯೂ ಇತ್ತು. ಇಂದು ನಮ್ಮ ನಡುವೆಯೇ ಎನ್.ಸಿ.ಸಿ. ವಾಯು ವಿಭಾಗದಿಂದ ಬಂದವರಿದ್ದಾರೆ, ಡ್ರೋನ್ ಹಾರಿಸಬಲ್ಲ ಹುಡುಗಿಯರಿದ್ದಾರೆ. ಬೇಕಾದದ್ದು ಅವರ ಹೆಸರು ಬರೆದುಕೊಂಡಿರುವ ಒಂದು ಪಟ್ಟಿ, ಮಳೆಗಾಲಕ್ಕೆ ಮುಂಚೆ.