ಪ್ರತಿ ಟೆಸ್ಟಿಗೂ ಹೊಸ ಟೇಬಲ್: ಡೇಟಾಬೇಸ್ ಪರೀಕ್ಷೆ ಬೆಳೆದು ಬಂದ ಬಗೆ

ಶಹಾಪುರದ ಪಹಣಿಯಲ್ಲಿ ಜಮೀನಿನ ಲೆಕ್ಕ ಎಕರೆ, ಗುಂಟೆಗಳಲ್ಲಿ ಇರುತ್ತದೆ. 2 ಎಕರೆ 25 ಗುಂಟೆಗೆ 1 ಎಕರೆ 20 ಗುಂಟೆ ಕೂಡಿದರೆ 4 ಎಕರೆ 5 ಗುಂಟೆ. ಇವನ್ನೇ 2.25, 1.20 ಎಂದು ದಶಮಾಂಶವಾಗಿ ಕೂಡುವ ತಂತ್ರಾಂಶ 3.45 ಎನ್ನುತ್ತದೆ. ಎಕರೆಗೆ 40 ಗುಂಟೆಯಾದ್ದರಿಂದ ಅದು ತಪ್ಪು. ಸರ್ಕಾರದ ತಂತ್ರಾಂಶ ಸಂಸ್ಥೆ ಎನ್‌ಐಸಿ ರೂಪಿಸಿದ ‘ಭೂಮಿ’ ಯೋಜನೆ ಸುಮಾರು 67 ಲಕ್ಷ ರೈತರ ಪಹಣಿಗಳನ್ನು ಕಂಪ್ಯೂಟರಿಗೆ ತಂದಿತು. ಇಷ್ಟು ಜನರ ಹೊಲದ ಲೆಕ್ಕ ಹಿಡಿಯುವ ತಂತ್ರಾಂಶವನ್ನು ಹೇಗೆ ಪರೀಕ್ಷಿಸಬೇಕು ಎಂಬುದು ಸಣ್ಣ ಪ್ರಶ್ನೆಯಲ್ಲ.

ಮೊದಲು ಇಡೀ ತಂಡಕ್ಕೆ ಒಂದೇ ಟೆಸ್ಟ್ ಡೇಟಾಬೇಸ್ ಇರುವುದು ರೂಢಿಯಾಗಿತ್ತು. ಒಬ್ಬರು ಅಳಿಸಿದ ಸಾಲನ್ನು ಇನ್ನೊಬ್ಬರ ಟೆಸ್ಟ್ ಹುಡುಕುತ್ತಿತ್ತು. ಬೆಳಿಗ್ಗೆ ಪಾಸಾದದ್ದು ಸಂಜೆ ಫೇಲ್. 1997ರಲ್ಲಿ ಕೆಂಟ್ ಬೆಕ್ ಮತ್ತು ಎರಿಕ್ ಗಾಮಾ ಬರೆದ ಜೆಯೂನಿಟ್ ಎಂಬ ಟೆಸ್ಟ್ ಚೌಕಟ್ಟು, ಟೆಸ್ಟುಗಳು ಒಂದನ್ನೊಂದು ನೆಚ್ಚಬಾರದು ಎಂಬ ಶಿಸ್ತನ್ನು ಹರಡಿತು. ಡೇಟಾಬೇಸಿಗೆ ಆ ಶಿಸ್ತು ತರಲು ಪ್ರತಿ ಟೆಸ್ಟಿಗೂ ಹೊಸ ಟೇಬಲ್ ಕಟ್ಟುವಷ್ಟು ವೇಗ ಬೇಕಿತ್ತು. 2000ದಲ್ಲಿ ರಿಚರ್ಡ್ ಹಿಪ್ ಅವರ ಎಸ್‌ಕ್ಯೂಲೈಟ್, 2001ರಲ್ಲಿ ಎಚ್‌ಎಸ್‌ಕ್ಯೂಎಲ್‌ಡಿಬಿ, 2005ರಲ್ಲಿ ಥಾಮಸ್ ಮ್ಯೂಲರ್ ಅವರ ಎಚ್2 ಬಂದವು. ಈ ಪುಟ್ಟ ಡೇಟಾಬೇಸ್‌ಗಳು ಡಿಸ್ಕ್ ಮುಟ್ಟದೆ ಮೆಮೊರಿಯಲ್ಲೇ ಟೇಬಲ್ ಕಟ್ಟಬಲ್ಲವು. ಎಸ್‌ಕ್ಯೂಲೈಟ್‌ನಲ್ಲಿ ಹಾಗೆ ತೆರೆದ ಡೇಟಾಬೇಸ್, ಕನೆಕ್ಷನ್ ಮುಚ್ಚಿದೊಡನೆ ಇಲ್ಲವಾಗುತ್ತದೆ.

ಹೀಗಾಗಿ ಕೆಲಸದ ಕ್ರಮ ಸರಳವಾಯಿತು: ಖಾಲಿ ಟೇಬಲ್ ಕಟ್ಟು, ಗೊತ್ತಿರುವ ಎರಡು ಸಾಲು ತುಂಬು, ಕೂಡಿಸು, ಉತ್ತರ 4 ಎಕರೆ 5 ಗುಂಟೆ ಬಂತೇ ನೋಡು. ಆದರೆ ಮೆಮೊರಿಯಲ್ಲಿದ್ದ ಮಾತ್ರಕ್ಕೆ ಫಲಿತಾಂಶ ಪ್ರತಿ ಸಲ ಒಂದೇ ಬರುವುದಿಲ್ಲ. ಖಾತೆ ಬದಲಾವಣೆಗೆ ತಕರಾರು ಹಾಕುವ ಗಡುವನ್ನು ‘ಇಂದಿನ’ ದಿನಾಂಕದಿಂದ ಎಣಿಸಿದರೆ ನಾಳೆ ಟೆಸ್ಟ್ ಕೆಡುತ್ತದೆ. ದಿನಾಂಕವನ್ನೂ ಟೆಸ್ಟೇ ಕೊಡಬೇಕು. ಆರ್ಡರ್ ಬೈ ಇಲ್ಲದ ಕ್ವೆರಿಯಲ್ಲಿ ಸಾಲುಗಳ ಕ್ರಮವನ್ನು ನಂಬಲಾಗದು.

ಕನ್ನಡದ ದತ್ತಾಂಶ ಇನ್ನೂ ಸೂಕ್ಷ್ಮ. ಶಹಾಪುರ ತಾಲ್ಲೂಕಿನ ಗೋಗಿ ಗ್ರಾಮದ ಹೆಸರಿನಲ್ಲಿರುವ ಓತ್ವವನ್ನು ಯೂನಿಕೋಡ್‌ನಲ್ಲಿ ಒಂದೇ ಸಂಕೇತವಾಗಿಯೂ ಬರೆಯಬಹುದು, ಮೂರು ಸಂಕೇತಗಳಾಗಿಯೂ ಬರೆಯಬಹುದು. ಕಣ್ಣಿಗೆ ಎರಡೂ ಒಂದೇ. ಬೈಟ್ ಹೋಲಿಸುವ ಎಸ್‌ಕ್ಯೂಲೈಟ್‌ಗೆ ಬೇರೆ ಬೇರೆ. ಅಕಾರಾದಿಯಲ್ಲೂ ಹಾಗೆಯೇ: ನಮ್ಮ ವರ್ಣಮಾಲೆಯಲ್ಲಿ ಕೊನೆಗೆ ಬರುವ ‘ಳ’ ಸಂಕೇತ ಸಂಖ್ಯೆಯಲ್ಲಿ ‘ಹ’ಕ್ಕಿಂತ ಮೊದಲಿದೆ. ಆದ್ದರಿಂದ ಮಳೆಪ್ಪ, ಮಹಾದೇವಪ್ಪ ಎಂಬ ಹೆಸರುಗಳು ತಲೆಕೆಳಗಾಗಿ ನಿಲ್ಲುತ್ತವೆ. ಅಸಲಿ ಸರ್ವರ್‌ನ ಹೋಲಿಕೆಯ ನಿಯಮ ಬೇರೆಯಿದ್ದರೆ ಮೆಮೊರಿಯಲ್ಲಿ ಪಾಸಾದ ಟೆಸ್ಟ್ ನಮಗೆ ಸುಳ್ಳು ಭರವಸೆ ಕೊಡುತ್ತದೆ.

ಈ ಅಂತರ ತುಂಬಲು ಹೊರಟದ್ದು ಮುಂದಿನ ಹಂತ. 2013ರಲ್ಲಿ ತಂತ್ರಾಂಶವನ್ನು ಪ್ರತ್ಯೇಕ ಕಂಟೇನರ್‌ನಲ್ಲಿ ಓಡಿಸುವ ಡಾಕರ್, ನಂತರ ಅದನ್ನು ಟೆಸ್ಟಿಗೆ ಬಳಸುವ ಟೆಸ್ಟ್‌ಕಂಟೇನರ್ಸ್ ಬಂದ ಮೇಲೆ, ಪ್ರೊಡಕ್ಷನ್‌ನಲ್ಲಿ ಬಳಸುವ ಬಗೆಯ ಡೇಟಾಬೇಸನ್ನೇ ಟೆಸ್ಟಿಗಾಗಿ ಹೊಸದಾಗಿ ಎಬ್ಬಿಸಿ, ಮುಗಿದ ಮೇಲೆ ಅಳಿಸುವುದು ಸಾಧ್ಯವಾಯಿತು. 2021ರಲ್ಲಿ, ಅದುವರೆಗೆ ದತ್ತಾಂಶದ ಬಗೆಯನ್ನು ಸಡಿಲವಾಗಿ ನೋಡುತ್ತಿದ್ದ ಎಸ್‌ಕ್ಯೂಲೈಟ್ ಕೂಡ ಅದನ್ನು ಬಿಗಿಯಾಗಿ ನೋಡುವ ಸ್ಟ್ರಿಕ್ಟ್ ಟೇಬಲ್‌ಗಳನ್ನು ತಂದಿತು.

ಮೆಮೊರಿ ಟೇಬಲ್, ಅಸಲಿ ಡೇಟಾಬೇಸ್ ಎರಡೂ ಬೇಕು ಎಂಬುದು ನನ್ನ ನಿಲುವು. ಗುಂಟೆಯ ಲೆಕ್ಕಕ್ಕೆ ಮೆಮೊರಿ ಟೇಬಲ್ ಸಾಕು. ಹೆಸರಿನ ಹುಡುಕಾಟಕ್ಕೂ ಅಕಾರಾದಿಗೂ ಅಸಲಿ ಡೇಟಾಬೇಸೇ ಆಗಬೇಕು. ಎರಡರಲ್ಲೂ ಸಾಲುಗಳನ್ನು ನಾವೇ ಯೋಚಿಸಿ ಬರೆಯಬೇಕು. ನಿಜವಾದ ರೈತರ ದಾಖಲೆಯನ್ನು ನಕಲು ಮಾಡಿ ಟೆಸ್ಟಿಗೆ ಸುರಿದರೆ ಅವರ ಖಾಸಗಿತನ ಹೋಗುತ್ತದೆ, ಯಾವ ಸಾಲು ಏನನ್ನು ಪರೀಕ್ಷಿಸುತ್ತಿದೆ ಎಂಬುದೂ ತಿಳಿಯದು. ಗೋಗಿಯ ಎರಡು ಬರಹ, 40 ಗುಂಟೆ ದಾಟುವ ಒಂದು ಮೊತ್ತ, ‘ಳ’ಕಾರದ ಒಂದು ಹೆಸರು: ಇಷ್ಟನ್ನು ಆರಿಸಿಕೊಂಡ ಪುಟ್ಟ ಟೇಬಲ್, ಲಕ್ಷ ಸಾಲುಗಳ ನಕಲಿಗಿಂತ ಹೆಚ್ಚು ತಪ್ಪು ಹಿಡಿಯಬಲ್ಲದು.