ಸರ್ಪಗಂಧ ಮತ್ತು ರಿಸರ್ಪಿನ್

ಸರ್ಪಗಂಧ ಪಶ್ಚಿಮ ಘಟ್ಟದ ತೇವದ ಕಾಡುಗಳಲ್ಲಿ ಬೆಳೆಯುವ ಕುರುಚಲು ಗಿಡ. ಕನ್ನಡದಲ್ಲಿ ಸೂತ್ರನಾಭಿ ಎಂದೂ ಹೆಸರು. ಇದರ ಬೇರು ಉನ್ಮಾದಕ್ಕೂ ಏರಿದ ರಕ್ತದೊತ್ತಡಕ್ಕೂ ಮದ್ದೆಂದು 1931ರಲ್ಲಿ ಗಣನಾಥ ಸೇನ್, ಕಾರ್ತಿಕಚಂದ್ರ ಬೋಸ್ ಬರೆದರು. 1949ರಲ್ಲಿ ಮುಂಬಯಿಯ ರುಸ್ತುಂ ಜಾಲ್ ವಕೀಲ್ ಒತ್ತಡ ಇಳಿಸುವ ಗುಣವನ್ನು ವರದಿ ಮಾಡಿದರು; 1952ರಲ್ಲಿ ಸ್ವಿಟ್ಜರ್ಲೆಂಡಿನ ಸೀಬಾ ಕಂಪನಿಯ ವಿಜ್ಞಾನಿಗಳು ಬೇರಿನಿಂದ ರಿಸರ್ಪಿನ್ ಎಂಬ ಸತ್ವವನ್ನು ಬೇರ್ಪಡಿಸಿದರು. ಅದು ನರತುದಿಗಳಲ್ಲಿರುವ ನಾರ್‌ಅಡ್ರಿನಲಿನ್, ಡೋಪಮಿನ್, ಸೆರೊಟೋನಿನ್ ದಾಸ್ತಾನನ್ನು ಬರಿದಾಗಿಸುತ್ತದೆ. ಒಂದೇ ಮಾತ್ರೆ ರಕ್ತನಾಳವನ್ನೂ ಮನಸ್ಸನ್ನೂ ಮುಟ್ಟುವುದು ಹೀಗೆ. ದಾದಿಯ ನಿಗಾ ಕೂಡ ಎರಡೂ ಕಡೆ ಇರಬೇಕು: ಮಾತ್ರೆ ಕೊಡುವ ಮುನ್ನ ನಾಡಿ, ಮಲಗಿದಾಗಿನ ಹಾಗೂ ನಿಂತಾಗಿನ ರಕ್ತದೊತ್ತಡ ನೋಡುವುದು, ರೋಗಿ ಮಂಕಾದರೆ, ನಸುಕಿಗೇ ಎಚ್ಚರವಾಗಿ ಮತ್ತೆ ನಿದ್ದೆ ಬಾರದಿದ್ದರೆ ವೈದ್ಯರಿಗೆ ತಿಳಿಸುವುದು. ಖಿನ್ನತೆ, ಹೊಟ್ಟೆಹುಣ್ಣು ಇದ್ದವರಿಗೆ ಇದು ಸಲ್ಲದು. ಹೊಸ ಔಷಧಗಳು ಬಂದ ಮೇಲೆ ಬಳಕೆ ತೀರ ಕುಗ್ಗಿದೆ.